ಅಪ್ಪನ ಒತ್ತು

ದುಬಲಗುಂಡಿ
ಬುಧವಾರ, 19 ನವೆಂಬರ್ 2025

ಪ್ರಣಿತಾಳ ಅಪ್ಪನವರಿಗೆ,

ಜೈಭೀಮ್. ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮ ಕ್ಷೇಮ ವಿಚಾರಿಸಲೂ ಬರೆಯುತ್ತಿಲ್ಲ. ಒಂದೇ ಮಾತು ಕೇಳುವುದಿದೆ. ನನ್ನ ಕಣ್ಣು ತಪ್ಪಿಸಿ ಮಗಳನ್ನು ಭೇಟಿಯಾಗುತ್ತಿದ್ದೀರಾ? ಫೋನಿನಲ್ಲಿ ಕೇಳಿದರೆ ನೀವು ನಗುತ್ತೀರಿ. ನಿಮ್ಮ ನಗು ಕಿವಿಗೆ ಬಿದ್ದರೆ ನಾನು ಕೇಳಬೇಕಾದ್ದನ್ನೇ ಮರೆಯುತ್ತೇನೆ. ಅದಕ್ಕೇ ಈ ಕಾಗದ.

ಶುರುವಾದದ್ದು ಹಾಡಿನಿಂದ. ಎರಡು ತಿಂಗಳಿಂದ ಹುಡುಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ಯಾವುದೋ ದೇಶದ ಹಾಡು ಹಾಡುತ್ತಾಳೆ. ರೊಟ್ಟಿ ಬಡಿಯುವಾಗ ಹಾಡು, ಹುಮನಾಬಾದಿನ ಕಾಲೇಜಿಗೆ ಬಸ್ಸು ಕಾಯುವಾಗ ಹಾಡು. ಇದೇನು ಎಂದು ಕೇಳಿದರೆ, ‘ಕೊರಿಯಾ ಭಾಷಾ ಕಲಿಯಾಕತ್ತೇನಿ ಅವ್ವಾ, ಹಾಡಿನಾಗ ಕಲಿತ್ರ ಲಗೂ ನೆನಪುಳಿತದ’ ಅಂದಳು. ದುಬಲಗುಂಡಿಯಲ್ಲಿ ಕೊರಿಯಾ ಭಾಷೆಯನ್ನು ಯಾರ ಜೊತೆ ಮಾತಾಡಬೇಕು, ನಮ್ಮ ಎಮ್ಮೆಯ ಜೊತೆಯೇ? ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಇದನ್ನು ಹೇಳಿದರೆ ಉಳಿದ ಹೆಂಗಸರು ಬಿದ್ದು ಬಿದ್ದು ನಕ್ಕರು.

ನನಗೆ ನಗು ಬರಲಿಲ್ಲ. ಹಾಡಿನಿಂದ ಭಾಷೆ ಬರುವುದಿಲ್ಲ ಎಂದು ನಾನು ಹೇಗೆ ಹೇಳಲಿ? ಬುದ್ಧವಿಹಾರದಲ್ಲಿ ಪಾಳಿ ಭಾಷೆಯ ವಂದನೆಯನ್ನು ರಾಗದಲ್ಲೇ ಕಲಿತವಳು ನಾನು. ಅದರ ಅರ್ಥ ತಿಳಿಯುವ ಹೊತ್ತಿಗೆ ಮದುವೆಯಾಗಿತ್ತು. ಇನ್ನು ನೀವಂತೂ ಸರಿಯೇ. ಬಸವಕಲ್ಯಾಣದಲ್ಲಿ ಲಾರಿಗಳ ಮೇಲೆ ಹೆಸರು ಬರೆಯುತ್ತ, ಡ್ರೈವರುಗಳ ಕ್ಯಾಬಿನ್ನಿನಿಂದ ಬರುವ ಹಾಡು ಕೇಳಿಯೇ ಪಂಜಾಬಿ ಕಲಿತು, ಸರ್ದಾರರನ್ನೇ ದಂಗುಬಡಿಸಿದವರು. ಈ ವಿದ್ಯೆ ನಮ್ಮ ಮನೆಯಲ್ಲಿ ನಿಮ್ಮೊಬ್ಬರದು. ಅವಳಿಗೆ ಹೇಳಿಕೊಟ್ಟವರು ಯಾರು?

ಆ ಹಾಡಿನಲ್ಲಿ ನನಗೆ ತಿಳಿಯುವುದು ಒಂದೇ ಪದ. ಅಪ್ಪಾ. ಆ ಪದ ಬಂದಾಗ ಅವಳ ದನಿ ಸಣ್ಣದಾಗುತ್ತದೆ. ನಾನು ಒಳಗೆ ಕಾಲಿಟ್ಟರೆ ಹಾಡೇ ನಿಂತುಹೋಗುತ್ತದೆ. ಹೆತ್ತ ತಾಯಿಯನ್ನು ಕಂಡು ನಿಲ್ಲುವಂಥದ್ದು ಅದರಲ್ಲಿ ಏನಿದೆ?

ಮೊನ್ನೆ ಸೋಮವಾರ ಅವಳ ನೋಟ್‌ಬುಕ್ ತೆಗೆದು ನೋಡಿದೆ. ಕಳ್ಳತನವೇ, ಒಪ್ಪುತ್ತೇನೆ. ಹಾಡನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಎದುರಿಗೆ ಅರ್ಥ ಹಾಕಿದ್ದಾಳೆ. ‘ಕಾಜಿಮಾ’ ಎಂದರೆ ‘ಹೋಗಬ್ಯಾಡ’ ಅಂತೆ. ‘ಪೊಗೊ ಶಿಪೊ’ ಎಂದರೆ ‘ನೋಡಬೇಕು ಅನಸ್ತದ’ ಅಂತೆ. ನಡುನಡುವೆ ಹಾಳೆಯ ತುಂಬ ‘ಅಪ್ಪಾ’. ಅದರೆದುರಿಗೆ ಮಾತ್ರ ಅರ್ಥ ಬರೆದಿಲ್ಲ, ಬೇಕೂ ಇಲ್ಲವಲ್ಲ. ಅಕ್ಷರ ಮುತ್ತಿನಂತಿದೆ. ಚಿಕ್ಕವಳಿದ್ದಾಗ ನೀವು ಉಳಿದ ಬಣ್ಣದಲ್ಲಿ ಅವಳ ಕೈಹಿಡಿದು ಬರೆಸುತ್ತಿದ್ದುದು, ‘ಒತ್ತು ತಪ್ಪಿದ್ರ ಗಾಡಿ ಹೆಸರ ಕೆಡ್ತದ ಮಗಳ’ ಎನ್ನುತ್ತಿದ್ದುದು ನೆನಪಾಗಿ ಇನ್ನಷ್ಟು ಸಿಟ್ಟು ಬಂತು. ಹಾಳೆಗಳ ನಡುವೆ ಒಂದು ಬಸ್ ಟಿಕೆಟು ಸಿಕ್ಕಿತು, ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೆಟು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ. ತಾರೀಖು ನೋಡಿದೆ. ಅವತ್ತು ಕಾಲೇಜಿನಲ್ಲಿ ಪರೀಕ್ಷೆಯಿದೆ ಎಂದು ಹೇಳಿ ಹೋಗಿದ್ದಳು.

ಈಗ ಹೇಳಿ. ಎಷ್ಟು ಸಲ ಬಂದಳು? ನನ್ನ ಬಗ್ಗೆ ಏನೇನು ಹೇಳಿದಿರಿ? ಮನೆ ಬಿಟ್ಟ ಮೊದಲ ವರ್ಷ ನೀವು ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ ವಿಷಯ ಹೇಳಿದಿರಾ? ಆಮೇಲೆ ಫೋನ್ ಹತ್ತದೆ ಹೋದ ವಿಷಯ? ಹೇಳಿದ್ದರೆ ಅವಳು ಇನ್ನು ನನ್ನ ಜೊತೆ ಇರುವುದಿಲ್ಲ. ಒಂದು ದಿನ ಚೀಲ ಕಟ್ಟಿಕೊಂಡು ನಿಮ್ಮಲ್ಲಿಗೆ ಹೊರಟುಬಿಡುತ್ತಾಳೆ. ನನಗಿರುವ ಭಯ ಅದೊಂದೇ.

ಶುಕ್ರವಾರ, 21

ಮೇಲಿನದನ್ನು ಬರೆದು ಜೋಳದ ಡಬ್ಬಿಯ ಹಿಂದೆ ಇಟ್ಟಿದ್ದೆ. ನಿನ್ನೆ ತಡೆಯಲಾಗದೆ ಅವಳನ್ನೇ ಕೇಳಿದೆ, ಆ ಹಾಡಿನಾಗ ನಿಮ್ಮಪ್ಪ ಯಾಕ ಬರ್ತಾರ ಅಂತ. ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ‘ಅದು ಅಪ್ಪ ಅಲ್ಲವ್ವಾ, ಅಪಾ. ನೋಯಾಕತ್ತದ ಅಂತ ಅರ್ಥ. ಆ ಭಾಷಾದಾಗ ಅಪ್ಪ ಅಂದ್ರ ನಮ್ಮಂಗ ಅಪ್ಪನೇ. ಒತ್ತು ತೆಗದ್ರ ನೋವು’ ಅಂದಳು. ನಾನು ಪೆಚ್ಚಾದೆ. ಎಲ್ಲಿಯ ಕೊರಿಯಾ, ಎಲ್ಲಿಯ ದುಬಲಗುಂಡಿ. ಒಂದು ಅರ್ಧ ಅಕ್ಷರ ಹಿಡಿದುಕೊಂಡು ಎರಡು ತಿಂಗಳು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡಿದ್ದೆ.

ಟಿಕೆಟಿನ ಮಾತೆತ್ತಿದಾಗ ಮಾತ್ರ ನಗು ನಿಂತಿತು. ‘ಕರೀಮಾಗ ಬಟ್ಟಿ ತಗೊಳ್ಳೋದಿತ್ತು’ ಅಂದು ಹಿಟ್ಟಿನ ಕಡೆ ನೋಡಿದಳು. ಕರೀಮಾ ನಮ್ಮ ಹಿಂದಿನ ಓಣಿಯ ಹುಡುಗಿ, ಇವಳ ಜೊತೆಗೇ ಕಾಲೇಜಿಗೆ ಹೋಗುತ್ತಾಳೆ. ಸುಳ್ಳು ಹೇಳಲು ಬಾರದವಳು. ಇವತ್ತು ಅವಳನ್ನು ಬಾಗಿಲಲ್ಲೇ ತಡೆದು ಕೇಳಿದೆ. ಮೊದಲು ತಲೆ ತಗ್ಗಿಸಿದಳು, ಆಮೇಲೆ ಎಲ್ಲ ಹೇಳಿದಳು. ‘ಚಾಚಾ ಲಾರಿ ಹಿಂದ ಕುಂತು ಹೆಸರು ಬರಿಯಾಕತ್ತಿದ್ರು, ಚಾಚಿ. ನಾವು ಈ ಕಡಿ ಚಹಾದಂಗಡಿ ಮುಂದ ಒಂದು ತಾಸು ನಿಂತೆವು. ಪ್ರಣಿತಾ ರಸ್ತಾ ದಾಟಲಿಲ್ಲ. ಹೋಗಿ ಮಾತಾಡಸು ಅಂದ್ರ, ಅವ್ರಿಗಿ ನಾ ಬ್ಯಾಡ ಅಂದಳು.’

ಅದು ನನ್ನ ಮಾತು. ಒಂದಕ್ಷರ ಬಿಡದೆ ನನ್ನದು.

ಇಷ್ಟು ಬರೆದ ಮೇಲೆ ಮುಚ್ಚಿಡುವುದೇನು? ನಿಮ್ಮ ನಂಬರು ಬ್ಲಾಕ್ ಮಾಡಿ ಫೋನಿಗೆ ಬೀಗ ಹಾಕಿದವಳು ನಾನೇ. ಟವರಿನ ತಪ್ಪಲ್ಲ. ‘ಮಗಳಿಗಿ ನೀವು ಬ್ಯಾಡಂತ’ ಎಂದು ನಿಮಗೆ ಹೇಳಿದೆ, ‘ನಿಮ್ಮಪ್ಪಗ ನೀ ಬ್ಯಾಡಂತ’ ಎಂದು ಅವಳಿಗೆ ಹೇಳಿದೆ. ಒಂದೇ ಸುಳ್ಳನ್ನು ಎರಡು ಕಡೆ ಹಂಚಿದೆ. ಸಿಟ್ಟಿನಲ್ಲಿ ಆಡಿದ್ದು, ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ. ಯಾರೋ ಆಡಿದ ಮಾತು ಕೇಳಿ ಆ ಚಹಾದಂಗಡಿಯ ವಿಜಯಶ್ರೀ ವಿಷಯದಲ್ಲಿ ನಿಮ್ಮ ಮೇಲೆ ಸಂಶಯಪಟ್ಟು ಮನೆ ಬಿಡಿಸಿದವಳೂ ನಾನೇ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅವತ್ತು ಬಾಗಿಲಲ್ಲಿ ನಿಂತು ನೀವು ಅಂದಿರಿ. ನನಗೆ ಆ ಗಾದೆ ಈಗಲೂ ಚುಚ್ಚುತ್ತದೆ, ಆದರೆ ಸುಳ್ಳೆನ್ನಲಾರೆ. ನೋಡಿ, ಈ ಕಾಗದವನ್ನೂ ಸಂಶಯದಿಂದಲೇ ಶುರುಮಾಡಿದೆ.

ನೀವು ಅವಳನ್ನು ಭೇಟಿಯಾಗಿಲ್ಲ ಎಂದು ತಿಳಿದ ಮೇಲೆ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ರಸ್ತೆಯ ಆ ದಡದಲ್ಲಿ ನೀವು, ಈ ದಡದಲ್ಲಿ ಅವಳು ಒಂದು ತಾಸು ನಿಂತದ್ದೇ ಕಣ್ಣ ಮುಂದೆ ಬರುತ್ತದೆ. ಆದರೂ ಅವಸರ ಬೇಡ ಎನಿಸುತ್ತದೆ. ಹಾಡೇನೂ ನಿಮ್ಮ ಮೇಲಿನದಲ್ಲ, ನೋವಿನದಂತೆ. ಹರೆಯದ ಹುಡುಗಿಯರು ನೋವಿನ ಹಾಡು ಹಾಡುವುದು ಇದ್ದದ್ದೇ. ಮಾರ್ಚಿನಲ್ಲಿ ಅವಳ ಪರೀಕ್ಷೆ ಮುಗಿಯಲಿ, ಆಮೇಲೆ ಸಮಯ ನೋಡಿ ನಾನೇ ಎಲ್ಲ ಹೇಳುತ್ತೇನೆ. ಅಲ್ಲಿಯವರೆಗೆ ನೀವು ಇತ್ತ ಬರಬೇಡಿ, ಯಾರ ಕೈಲೂ ಹೇಳಿ ಕಳುಹಿಸಬೇಡಿ. ಕರೀಮಾಳ ಅಣ್ಣ ಫೈಜಲ ನಾಳೆ ಟೆಂಪೊ ತೆಗೆದುಕೊಂಡು ಬಸವಕಲ್ಯಾಣಕ್ಕೆ ಬರುತ್ತಾನೆ, ಕಾಗದ ಅವನ ಕೈಯಲ್ಲಿ ಕೊಡುತ್ತೇನೆ.

ಆ ಬಣ್ಣದ ಘಾಟು ವಾಸನೆಯಲ್ಲೇ ದಿನವೆಲ್ಲ ಕೂರಬೇಡಿ, ನಡುವೆ ಎದ್ದು ನೀರು ಕುಡಿಯಿರಿ.

ಇಂತಿ,
ಇನ್ನೂ ನಿಮ್ಮ ಮನೆಯವಳೇ ಆಗಿರುವ
ದ್ರೌಪತಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಮನಸ್ಸು ತಡೆಯಲಿಲ್ಲ, ಅವಳ ನೋಟ್‌ಬುಕ್ ಮತ್ತೊಮ್ಮೆ ತೆಗೆದೆ. ಒಂದೊಂದು ‘ಅಪ್ಪಾ’ದ ಮೇಲೂ ಬೆರಳಿಟ್ಟು ನೋಡಿದೆ. ಏಳು ಕಡೆ ಬರೆದಿದ್ದಾಳೆ, ಏಳೂ ಕಡೆ ಒತ್ತು ಇದೆ. ನೀವು ತಿದ್ದಿದ ಕೈ ಅದು, ಒತ್ತು ತಪ್ಪುವುದಿಲ್ಲ. ನನಗೆ ನೋವಾಗದಿರಲಿ ಎಂದು ಹುಡುಗಿ ನನ್ನೆದುರು ಆ ಒತ್ತನ್ನು ತೆಗೆದು ಹೇಳಿದ್ದಾಳೆ.

ಮಾರ್ಚ್ ಬೇಡ. ಭಾನುವಾರವೇ ಬನ್ನಿ. ಫೋನಿನ ಬೀಗ ತೆಗೆದಿದ್ದೇನೆ. ನೀವು ಬರುವುದರೊಳಗೆ ನಾನೇ ಅವಳಿಗೆ ಎಲ್ಲ ಹೇಳಿರುತ್ತೇನೆ. ಕೇಳಿದ ಮೇಲೆ ಅವಳು ಚೀಲ ಕಟ್ಟಲು ಎದ್ದರೆ ಏನನ್ನಬೇಕು ಎಂಬುದನ್ನು ಆ ಹಾಡಿನಿಂದಲೇ ಕಲಿತಿಟ್ಟುಕೊಂಡಿದ್ದೇನೆ. ಕಾಜಿಮಾ.