ಅಕ್ಕ ಕೂರಿಸಿದ ಬಟನ್

ಅಂಗಡಿಯಿಂದ,
ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಅಕ್ಷರ ನೋಡಿ ನಗಬೇಡ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಪ್ರೈಮರಿ ಮುಗಿಯುತ್ತಲೇ ಪುಸ್ತಕ ಬಿಟ್ಟು ಅಪ್ಪನ ಪಕ್ಕದಲ್ಲಿ ಕತ್ತರಿ ಹಿಡಿದವನು ನಾನು, ಈ ಕೈಗೆ ಪೆನ್ನು ಒಗ್ಗುವುದಿಲ್ಲ. ಎಲ್ಲಿ ಒತ್ತು ಬಿಟ್ಟಿದ್ದೇನೋ, ಎಲ್ಲಿ ದೀರ್ಘ ಎಳೆಯಲು ಮರೆತಿದ್ದೇನೋ, ನೀನೇ ಸರಿಮಾಡಿಕೊಂಡು ಓದು. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಯಾವಾಗ ಹೇಳಲಿ? ನಿಮ್ಮ ಹಾಸ್ಟೆಲಿನವರು ಭಾನುವಾರ ಒಂದಿಷ್ಟು ಹೊತ್ತು ನಿನ್ನ ಫೋನನ್ನು ನಿನ್ನ ಕೈಗೆ ಕೊಡುತ್ತಾರೆ. ಈ ಕಡೆ ಅಪ್ಪನ ಕೈಯಿಂದ ಅಮ್ಮ ಕಿತ್ತುಕೊಂಡು, ಅಮ್ಮನ ಕೈಯಿಂದ ಮತ್ತೆ ಅಪ್ಪ ಕಿತ್ತುಕೊಂಡು, ನನ್ನ ಸರದಿ ಬರುವಷ್ಟರಲ್ಲಿ ನೀನು ‘ಸರಿ ಕಣೋ, ಇಡ್ತೀನಿ’ ಎಂದಿರುತ್ತೀಯ. ನಾನೋ, ಸರದಿ ಬಂದರೂ ‘ಊಟ ಆಯ್ತಾ’ ಎನ್ನುವುದರ ಆಚೆಗೆ ನಾಲಿಗೆ ಹೊರಳದವನು. ಅದಕ್ಕೇ ಕಾಗದ. ಡ್ರೈವರಣ್ಣ ಸಂಜೆ ನಿಮ್ಮ ಊರಿಗೆ ಬಸ್ ತೆಗೆಯುತ್ತಾರೆ, ಫ್ಯಾಕ್ಟರಿ ಗೇಟಿನಲ್ಲಿ ತಾವೇ ಕೊಟ್ಟು ಬರುವುದಾಗಿ ಹೇಳಿದ್ದಾರೆ.

ಹೆಬ್ಬೆರಳು ಹೇಗಿದೆ? ಉಗುರು ಸೀಳಿದ್ದು ಕೂಡಿಕೊಂಡಿತೋ ಇಲ್ಲವೋ? ಅಮ್ಮ ದಿನಾ ಕೇಳುತ್ತಾಳೆ, ನಾನೇನೋ ಈಗಷ್ಟೇ ನಿನ್ನನ್ನು ನೋಡಿ ಬಂದವನ ಹಾಗೆ. ಕ್ಯಾಂಟೀನಿನ ಊಟ ಸೇರುವುದಿಲ್ಲವೆಂದು ಹೊಟ್ಟೆ ಕಟ್ಟಬೇಡ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಸೊಂಟ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಿನ್ನ ಮಗಳು ಮರಿಗೆ ನೆಗಡಿ ಬಂದು ಹೋಯಿತು. ಭಾವ ತೀರಿಕೊಂಡ ಮೇಲೆ ನೀನು ಅವಳನ್ನು ಅಮ್ಮನ ಮಡಿಲಿಗೆ ಹಾಕಿ ಹೊರಟಾಗ ಅವಳಿಗೆ ನಿಲ್ಲಲೂ ಬರುತ್ತಿರಲಿಲ್ಲ. ಈಗ ಅವಳ ಹಿಂದೆ ಓಡಿ ಅಮ್ಮನಿಗೆ ಏದುಸಿರು.

ಇನ್ನು ಸುದ್ದಿ. ಸುದ್ದಿಯೇನು, ನನ್ನ ಸಿಟ್ಟು. ಬೇರೆ ಯಾರ ಹತ್ತಿರವೂ ಹೇಳಿಕೊಳ್ಳಲಾರೆ, ಆದ್ದರಿಂದ ನಿನ್ನ ಮೇಲೆಯೇ ಸುರಿಯುತ್ತೇನೆ. ನಿಮ್ಮ ಫ್ಯಾಕ್ಟರಿಯಲ್ಲಿ ಮಾಡುವ ಆ ಹೊಸ ಫೋನಿನ ಘೋಷಣೆ ಆಯಿತಲ್ಲ, ಅಂದಿನಿಂದ ನಮ್ಮದು ಕ್ಷೌರದಂಗಡಿಯಾಗಿ ಉಳಿದಿಲ್ಲ. ಚೌರಕ್ಕೆ ಬಂದವರು ಚೌರ ಮುಗಿದರೂ ಏಳುವುದಿಲ್ಲ, ಚೌರ ಬೇಡದವರೂ ಬಂದು ಬೆಂಚು ತುಂಬುತ್ತಾರೆ. ಮೂರು ಪಕ್ಷಗಳಾಗಿವೆ. ಡ್ರೈವರಣ್ಣನದು ಬ್ಯಾಟರಿ ಪಕ್ಷ. ಆರು ಸಾವಿರ ಎಂಎಎಚ್ ಬ್ಯಾಟರಿ ಸಾಲದು, ಏಳು ಸಾವಿರದ್ದು ಹಾಕಬೇಕಿತ್ತು, ತೆಳ್ಳಗೆ ಮಾಡುವ ಚಟಕ್ಕೆ ಬಿದ್ದು ಹೊಟ್ಟೆಗೆ ಹೊಡೆದಿದ್ದಾರೆ ಎಂದು ಅವರ ವಾದ. ಫೋಟೋ ಸ್ಟುಡಿಯೋದವರದು ಕ್ಯಾಮೆರಾ ಪಕ್ಷ. ಇನ್ನೂರು ಮೆಗಾಪಿಕ್ಸೆಲ್ಲಂತೆ, ಕತ್ತಲಲ್ಲಿ ಕರಿಬೆಕ್ಕಿನ ಮೀಸೆ ಎಣಿಸಬಹುದಂತೆ. ಎಲ್ಲರ ಕೈಗೂ ಅಂಥ ಕ್ಯಾಮೆರಾ ಬಂದರೆ ಇವರ ಸ್ಟುಡಿಯೋಗೆ ಯಾರು ಹೋಗುತ್ತಾರೆ? ತಮ್ಮ ಅಂಗಡಿಯ ಬಾಗಿಲು ಹಾಕಿಸುವುದನ್ನು ತಾವೇ ಬಾಯಿತುಂಬ ಹೊಗಳುತ್ತಾರೆ. ಬ್ಯಾಂಕಿನ ಕ್ಲರ್ಕ್ ಸಾಹೇಬರದು ಒಳಗಿನ ಚಿಪ್‌ನ ಪಕ್ಷ. ಎಂಟು ಕೋರ್ ಇದ್ದರೆ ಸಾಲದು, ಅವು ಯಾವ ತಲೆಮಾರಿನವು ಎಂದು ನೋಡಬೇಕು, ಹನ್ನೆರಡು ಜಿಬಿ ರ್‍ಯಾಮ್ ಈ ಕಾಲಕ್ಕೆ ಏನೇನೂ ಅಲ್ಲ ಎನ್ನುತ್ತಾರೆ. ಅವರು ಆ ಫೋನಿನಲ್ಲಿ ಮಾಡುವುದಾದರೂ ಏನು? ಬೆಳಗೆದ್ದು ಊರವರಿಗೆಲ್ಲ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುವುದು. ಅದಕ್ಕೆ ಎಂಟು ಮಿದುಳು ಬೇಕಂತೆ. ಅಪ್ಪನದು ಯಾವ ಪಕ್ಷ ಎನ್ನುತ್ತೀಯಾ? ಕುರ್ಚಿಯಲ್ಲಿ ಯಾರು ಕೂತಿರುತ್ತಾರೋ ಅವರ ಪಕ್ಷ. ಕುರ್ಚಿ ಬದಲಾದರೆ ಅಪ್ಪನೂ ಬದಲು.

ನನಗೆ ಮೈಯೆಲ್ಲ ಉರಿಯುವುದು ಯಾವುದಕ್ಕೆ ಗೊತ್ತಾ? ಕ್ಲರ್ಕ್ ಸಾಹೇಬರು ಆ ಫೋನಿನ ಜಾಹೀರಾತು ತೋರಿಸಿದರು. ಫೋನು ನೀರೊಳಗಿಂದ ತಾನಾಗಿಯೇ ಎದ್ದು ಬರುತ್ತದೆ. ಗಾಳಿಯಲ್ಲಿ ಗಿರಗಿರ ತಿರುಗುತ್ತದೆ, ಗಾಜು ಒಂದು ಕಡೆಯಿಂದ, ಬ್ಯಾಟರಿ ಒಂದು ಕಡೆಯಿಂದ ಹಾರಿ ಬಂದು ತಾವೇ ಅಂಟಿಕೊಳ್ಳುತ್ತವೆ. ನೀನು ಕೂರಿಸುವ ಬಟನ್ ಕೂಡ ಹಕ್ಕಿಯ ಹಾಗೆ ಹಾರಿ ಬಂದು ಪಕ್ಕದ ಸಂದಿನಲ್ಲಿ ಕೂತಿತು. ಒಂದೇ ಒಂದು ಕೈ ಕಾಣಲಿಲ್ಲ ಅಕ್ಕಾ. ಹಳೆಯ ಫೋನಿನಲ್ಲಿ ಆ ಬಟನ್ನಿಗೆ ಎರಡು ಸ್ಕ್ರೂ ಇದ್ದವು, ಹೊಸದನ್ನು ತೆಳ್ಳಗೆ ಮಾಡಲು ಅವನ್ನು ತೆಗೆದರು, ಈಗ ಉಗುರಿನಿಂದ ಒತ್ತಿಯೇ ಕೂರಿಸಬೇಕು, ‘ಟಿಕ್’ ಎಂದು ಒಂದೇ ಸದ್ದು ಬರುವವರೆಗೆ ಬಿಡುವಂತಿಲ್ಲ ಎಂದು ನೀನು ಹೇಳಿದ್ದೆಯಲ್ಲ. ಇಲ್ಲಿ ಎಲ್ಲರೂ ‘ಎಷ್ಟು ತೆಳ್ಳಗಿದೆ ನೋಡಿ’ ಎಂದು ಬಾಯಿ ಚಪ್ಪರಿಸುವಾಗ ನನಗೆ ನಿನ್ನ ಹೆಬ್ಬೆರಳೇ ಕಣ್ಣ ಮುಂದೆ ಬರುತ್ತದೆ. ನೀನು ಮಾಡುವುದು ಅದೇ ಫೋನು ಎಂದು ಅವರಿಗೆ ಗೊತ್ತಿರಲಿಲ್ಲ, ಆದರೂ ನಾನು ಬಾಯಿ ಬಿಡಲಿಲ್ಲ. ಕೈಯಲ್ಲಿ ಕತ್ತಿ ಇರುವವನು ಸಿಟ್ಟು ಮಾಡಿಕೊಳ್ಳಬಾರದು ಎಂಬುದು ಅಪ್ಪ ಕಲಿಸಿದ ಮೊದಲ ಪಾಠ.

ಸುಮ್ಮನಿದ್ದುದಕ್ಕೆ ಇನ್ನೂ ಒಂದು ಕಾರಣವಿತ್ತು. ಫೋನು ಹೊರಬಂದ ಮೇಲೆ ರಜೆ ಕೊಡುತ್ತೇವೆ ಎಂದು ನಿಮ್ಮ ಸೂಪರ್‌ವೈಸರ್ ಮಾತು ಕೊಟ್ಟಿದ್ದ. ಹೊರಬಂದ ಮೇಲೆ ಏನೆಂದ? ಬುಕಿಂಗ್ ಜೋರಾಗಿದೆ, ಕೆಲಸ ನಿಲ್ಲಿಸುವಂತಿಲ್ಲ, ಬೇಡಿಕೆ ಇಳಿದ ಮೇಲೆ ನೋಡೋಣ. ಮಾತು ತಪ್ಪಿದವನು ಅವನು, ಮುಖ ಸಣ್ಣ ಮಾಡಿಕೊಂಡವಳು ನೀನು. ಆ ಭಾನುವಾರ ನೀನು ಅದನ್ನು ಹೇಳಿದ ಮೇಲೆ ನಾನು ಮನಸ್ಸಿನಲ್ಲೇ ಆ ಫೋನು ಯಾರಿಗೂ ಬೇಡವಾಗಲಿ ಎಂದು ಹಾರೈಸತೊಡಗಿದೆ. ಡ್ರೈವರಣ್ಣ ಬ್ಯಾಟರಿಯನ್ನು ಬೈದರೆ ಅವರ ತಲೆ ಇನ್ನಷ್ಟು ಹೊತ್ತು ತಿಕ್ಕುತ್ತಿದ್ದೆ. ಕ್ಲರ್ಕ್ ಸಾಹೇಬರು ಚಿಪ್ ಹಳೆಯದೆಂದರೆ ಕುತ್ತಿಗೆಗೆ ಕೇಳದೆಯೇ ಪೌಡರ್ ಹಾಕುತ್ತಿದ್ದೆ. ಸ್ಟುಡಿಯೋದವರು ಹೊಗಳಿದ ದಿನ ಅವರ ಶೇವಿಂಗಿಗೆ ತಣ್ಣೀರೇ ಗತಿ. ಆಮೇಲೆ ನನಗೇ ಹೆದರಿಕೆಯಾಗುತ್ತಿತ್ತು. ನಿಜವಾಗಿಯೂ ಯಾರೂ ಕೊಳ್ಳದೆ ಹೋಗಿ ನಿನ್ನನ್ನು ಕೆಲಸದಿಂದಲೇ ಬಿಡಿಸಿ ಮನೆಗೆ ಕಳಿಸಿದರೆ? ಹಾಗಾಗಿ ತುಂಬ ಬೇಡ, ಸ್ವಲ್ಪ ಬೇಡವಾಗಲಿ, ನಿನಗೆ ರಜೆ ಸಿಗುವಷ್ಟು ಮಾತ್ರ ಬೇಡವಾಗಲಿ ಎಂದು ತಿದ್ದಿಕೊಂಡೆ. ಜನ ಒಂದು ವಸ್ತುವನ್ನು ಕೊಂಡರೂ ಅದನ್ನು ಮಾಡಿದ ತಾಯಿ ತನ್ನ ಮನೆಗೆ ಬರುವಂತಿಲ್ಲ, ಕೊಳ್ಳದಿದ್ದರೂ ಅವಳಿಗೆ ಅನ್ನವಿಲ್ಲ. ಇದೆಂಥ ಏರ್ಪಾಡು ಅಕ್ಕಾ? ಇದನ್ನು ಮಾಡಿದ ಬುದ್ಧಿವಂತ ಯಾರು?

ಸೋಮವಾರ ಎಲ್ಲ ಕೆಟ್ಟಿತು. ಕೆಡಿಸಿದವನು ನಾನೇ. ಡ್ರೈವರಣ್ಣ ನನ್ನ ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಕ್ಲರ್ಕ್ ಸಾಹೇಬರು ಅಪ್ಪನ ಕುರ್ಚಿಯಲ್ಲಿ. ಬೆಂಚಿನ ಮೇಲಿದ್ದ ಸ್ಟುಡಿಯೋದವರು ಒಂದು ವಿಡಿಯೋ ಹಚ್ಚಿದರು. ಯಾರೋ ಒಬ್ಬ ಆ ಫೋನನ್ನು ಕಿವಿಯ ಹತ್ತಿರ ಹಿಡಿದು ಗಿಲಕಿಯ ಹಾಗೆ ಅಲ್ಲಾಡಿಸುತ್ತಿದ್ದ, ಲಟಲಟ ಎನ್ನುತ್ತಿತ್ತು. ಇಷ್ಟು ದಿನ ಹೊಗಳಿದ ಬಾಯಿಯಲ್ಲೇ ಸ್ಟುಡಿಯೋದವರು ಹೇಳಿದರು: ‘ಕ್ಯಾಮೆರಾ ಚಿನ್ನ. ಆದ್ರೆ ಈ ಪಕ್ಕದ ಬಟನ್ ನೋಡಿ, ಹಲ್ಲು ಅಲ್ಲಾಡ್ದಂಗೆ ಅಲ್ಲಾಡ್ತಿದೆ. ಯಾವಳೋ ತೂಕಡಿಸ್ಕೊಂಡು ಕೂರಿಸಿದಾಳೆ. ಇಂಥವ್ರಿಗೆ ಸಂಬಳ ಬೇರೆ ಕೇಡು.’

ನನ್ನ ಕೈಯಲ್ಲಿದ್ದ ಕತ್ತಿಯನ್ನು ಮೆಲ್ಲಗೆ ಬಟ್ಟಲಿನಲ್ಲಿಟ್ಟೆ. ಅದೊಂದು ಬುದ್ಧಿ ಉಳಿದಿತ್ತು. ಆಮೇಲೆ ಯಾರದೋ ದನಿ ಕೇಳಿಸಿತು, ನೋಡಿದರೆ ನನ್ನದೇ. ‘ಅದನ್ನ ಕೂರಿಸೋದು ನಮ್ಮಕ್ಕ. ನಮ್ಮಕ್ಕ ತೂಕಡಿಸೋಳಲ್ಲ. ಅವಳು ಕೂರಿಸಿದ್ದು ಅಲ್ಲಾಡಲ್ಲ.’ ಅಪ್ಪನ ಕತ್ತರಿ ಗಾಳಿಯಲ್ಲೇ ನಿಂತಿತು. ಡ್ರೈವರಣ್ಣ ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದರು. ನಾನು ನಿಲ್ಲಿಸಬೇಕಿತ್ತು, ನಿಲ್ಲಲಿಲ್ಲ. ಸ್ಕ್ರೂ ತೆಗೆದದ್ದು, ಉಗುರು ಸೀಳಿದ್ದು, ಒಂದೇ ಟಿಕ್ ಬರಬೇಕಾದದ್ದು, ಎರಡು ಟಿಕ್ ಬಂದರೆ ಬಿಚ್ಚಿ ಮತ್ತೆ ಕೂರಿಸುವುದು, ನೀನು ಹೇಳಿದ್ದೆಲ್ಲವನ್ನೂ, ನೀನು ಹೇಳದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನಾನು ಆ ಫೋನನ್ನು ಕಣ್ಣಿನಿಂದ ಕಂಡವನೂ ಅಲ್ಲ. ನಿಜ ಹೇಳು ಅಕ್ಕಾ, ಅದು ಅಲ್ಲಾಡುತ್ತದೆಯೇ? ಅಲ್ಲಾಡಿದರೆ ಸ್ಕ್ರೂ ತೆಗೆಸಿದವನದು ತಪ್ಪು, ನಿನ್ನದಲ್ಲ. ಅದನ್ನೂ ಹೇಳಿದೆ.

ಅವರಿಗೆ ನಾಚಿಕೆಯಾಗಿರಬೇಕು ಎಂದುಕೊಂಡೆಯಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದದ್ದು ಬೇರೆ. ಸ್ಟುಡಿಯೋದವರು ಎದ್ದು ಬಂದು ನನ್ನ ಬೆನ್ನಿಗೊಂದು ಗುದ್ದಿದರು, ಇಷ್ಟು ದಿನ ಈ ಸಂಗತಿಯನ್ನು ಯಾಕೆ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದೆ ಎಂದು. ಡ್ರೈವರಣ್ಣನಿಗೆ ಬ್ಯಾಟರಿ ಮರೆತೇಹೋಯಿತು. ‘ನಮ್ಮ ಹುಡುಗಿ ಕೂರಿಸಿದ್ದು ಅಂದ್ಮೇಲೆ ಮಾತೇನು’ ಎಂದು ಅರ್ಧ ಮುಖದ ನೊರೆಯಲ್ಲೇ ಫೋನು ತೆಗೆದು ಬುಕ್ ಮಾಡಿದರು, ಪರದೆಗೆಲ್ಲ ನೊರೆ. ಅವರು ಮಾಡಿದರೆಂದು ಕ್ಲರ್ಕ್ ಸಾಹೇಬರೂ ಮಾಡಿದರು, ತಮ್ಮ ಹೆಂಡತಿಗೂ ಸೇರಿಸಿ. ಸ್ಟುಡಿಯೋದವರು ಕೊನೆಗೆ. ಬುಕ್ ಆದಾಗಲೆಲ್ಲ ಫೋನು ಟಿಣ್ ಎನ್ನುತ್ತಿತ್ತು, ನನಗೆ ನಿಮ್ಮ ಫ್ಯಾಕ್ಟರಿಯ ಗೇಟಿಗೆ ಚಿಲಕ ಹಾಕಿದ ಹಾಗೆ ಕೇಳುತ್ತಿತ್ತು. ಬೇಡ, ತಗೋಬೇಡಿ, ನೀವು ತಗೊಂಡರೆ ನಮ್ಮಕ್ಕ ಬರುವುದಿಲ್ಲ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ನನ್ನ ಒಂದು ವರ್ಷದ ಮಾತೆಲ್ಲ ಖರ್ಚಾಗಿಹೋಗಿತ್ತು. ಅಪ್ಪನಿಗಂತೂ ಹೆಮ್ಮೆಯೋ ಹೆಮ್ಮೆ, ಎಲ್ಲರಿಗೂ ಟೀ ತರಿಸಿದರು. ಸಂಜೆ ನಾನು ಮುಖ ಊದಿಸಿಕೊಂಡು ಕೂತದ್ದನ್ನು ಕಂಡು, ‘ನಮ್ಮ ಬೀದೀಲಿ ನಾಲ್ಕು ಜನ ತಗೊಂಡ್ರೆ ಅಷ್ಟು ದೊಡ್ಡ ಫ್ಯಾಕ್ಟರಿ ಲೆಕ್ಕಕ್ಕೆ ಬರುತ್ತೇನೋ ಹುಚ್ಚಪ್ಪಾ’ ಎಂದರು. ಇರಬಹುದು. ಆದರೆ ಆ ಬಟನ್ನುಗಳನ್ನು ಯಾರ ಉಗುರು ಒತ್ತಬೇಕು?

ನಿನ್ನ ಮೇಲೂ ಒಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ಹೋದ ಭಾನುವಾರ ನೀನು ವಿಡಿಯೋ ಕಾಲಿನಲ್ಲಿ ಮರಿಯನ್ನು ಕರೆದೆ. ಅವಳು ಫೋನಿಗೆ ಮುಖ ಕೊಡದೆ ಕತ್ತು ಓರೆ ಮಾಡಿ ಗೋಡೆ ನೋಡಿದಳು. ‘ನನ್ ಮುಖಾನೇ ನೋಡಲ್ಲ, ಮರೆತೇಬಿಟ್ಲು’ ಎಂದು ಅತ್ತು ನೀನು ಫೋನಿಟ್ಟೆ. ಇಟ್ಟದ್ದು ಯಾಕೆ? ಇನ್ನೂ ಸ್ವಲ್ಪ ಹೊತ್ತು ಕರೆಯಬಾರದಿತ್ತೇ? ಆಮೇಲೆ ಅವಳು ಆ ಕಪ್ಪು ಪರದೆಯನ್ನು ತಟ್ಟಿ ತಟ್ಟಿ, ನಿನ್ನ ಬಾಯಲ್ಲಿ ಕೇಳಿದ ಹಾಗೆಯೇ, ‘ಅಮ್ಮ, ಟಿಕ್, ಅಮ್ಮ, ಟಿಕ್’ ಎನ್ನುತ್ತಿದ್ದಳು. ಮರೆತವಳು ಹಾಗೆ ಮಾಡುತ್ತಾಳೆಯೇ? ಮತ್ತೆ ಯಾಕೆ ನೋಡಲಿಲ್ಲ ಎಂದು ಅಮ್ಮ, ನಾನು ಮೂರು ದಿನ ತಲೆ ಕೆಡಿಸಿಕೊಂಡೆವು.

ಡ್ರೈವರಣ್ಣ ಹಾರನ್ ಹೊಡೆಯುತ್ತಿದ್ದಾರೆ. ಅಮ್ಮ, ಅಪ್ಪ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಬೆರಳಿಗೆ ಎಣ್ಣೆ ಹಚ್ಚಿಕೋ. ಆ ಸೂಪರ್‌ವೈಸರನಿಗೆ ನನ್ನ ನಮಸ್ಕಾರವನ್ನೇನೂ ಹೇಳಬೇಡ.

ನಿನ್ನ,
ಬಾಯಿಲ್ಲದ ತಮ್ಮ

ವಿ.ಸೂ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಹೊರಡುವಾಗ ನೀನು, ಮರಿಯ ಮೊದಲ ಕಟಿಂಗ್ ನಾನೇ ಬಂದು ಮಾಡುತ್ತೇನೆ, ಅಲ್ಲಿಯವರೆಗೆ ಯಾರೂ ಕತ್ತರಿ ಮುಟ್ಟಿಸಬಾರದು ಎಂದಿದ್ದೆ. ನಾವು ಮುಟ್ಟಿಸಿರಲಿಲ್ಲ. ಕ್ಲಿಪ್ ಹಾಕಿದರೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದಾಗ ಅವಳು ನನ್ನ ಕಡೆಗೆ ಬರುತ್ತಾ ಕತ್ತನ್ನು ಭಾನುವಾರದ ಹಾಗೆಯೇ ಓರೆ ಮಾಡಿದಳು. ಕೂದಲು ಮೂಗಿನವರೆಗೆ ಇಳಿದಿದೆ ಅಕ್ಕಾ, ನೇರವಾಗಿ ನೋಡಿದರೆ ಅವಳಿಗೆ ಏನೂ ಕಾಣುವುದೇ ಇಲ್ಲ. ದಿನಾ ನೂರು ತಲೆ ನೋಡುವ ನಮಗೆ ಮನೆಯ ತಲೆ ಕಾಣಲಿಲ್ಲ. ಕುರ್ಚಿಯ ಕೈಗಳ ಮೇಲೆ ಮಕ್ಕಳ ಹಲಗೆ ಹಾಕಿ ಕೂರಿಸಿ, ಮುಂದಿನದನ್ನು ಮಾತ್ರ, ಹುಬ್ಬು ಕಾಣುವಷ್ಟು ಮಾತ್ರ ಕತ್ತರಿಸಿದ್ದೇನೆ. ಹಿಂದಿನದು, ಪಕ್ಕದ್ದು ಮುಟ್ಟಿಲ್ಲ, ಅದು ನಿನ್ನದು. ಭಾನುವಾರ ಬೇಗ ಫೋನಿಡಬೇಡ. ಈಗ ನನ್ನ ಎದುರಿಗೇ ಕೂತಿದ್ದಾಳೆ, ಇಲ್ಲದ ಕೂದಲನ್ನು ಇನ್ನೂ ಕೈಯಿಂದ ಸರಿಸಿಕೊಳ್ಳುತ್ತಾ, ನೆಟ್ಟಗೆ ನನ್ನನ್ನೇ ನೋಡುತ್ತಾ.