ಗರಸಿನ ಮೇಲೆ ಜಾರಿ ನಿಲ್ಲುವುದು

ಬೆಟಗೇರಿ
೨೨ ಜನವರಿ ೨೦೨೫

ನನ್ನ ಸುಶ್ಮಿತಾಗೆ, ಗೆಳತಿ ಸಬೀನಾಳ ಸಲಾಮು.

ಕ್ರೀಡಾ ಹಾಸ್ಟೆಲಿನವರು ನಿಮ್ಮ ಫೋನು ಕಿತ್ತಿಟ್ಟುಕೊಂಡ ಮೇಲೆ ಕಾಗದವೇ ಗತಿ. ಉತ್ತರ ತಡವಾಯಿತೆಂದು ಮುಖ ಊದಿಸಬೇಡ. ಪೋಸ್ಟಾಫೀಸಿಗೆ ಕುಂಟುತ್ತ ಹೋಗಬೇಕು, ತಾಯಿ! ಟರ್ಫಿನ ಮೇಲೆ ಬಿದ್ದು, ಉಜ್ಜಿ ಸುಟ್ಟ ನಿನ್ನ ಮೊಣಕೈ ಮಾಯಿತೇ? ಅಮ್ಮಿ ಅರಿಶಿನ ಹಚ್ಚಿಕೋ ಎನ್ನುತ್ತಾಳೆ. ನೀನು ಅಲ್ಲಿನ ಡಾಕ್ಟರಿಗೇ ತೋರಿಸು.

ಆಪರೇಷನ್ ಆದ ನನ್ನ ಮೊಣಕಾಲು ಈಗ ಸ್ವಲ್ಪ ಮಡಚುತ್ತದೆ. ನಮಾಜಿಗೆ ಮಾತ್ರ ಕುರ್ಚಿ ಬೇಕು. ನೋಡಲು ಬಂದವರೆಲ್ಲ, "ಹುಲ್ಲಿನ ಮ್ಯಾಲ ಬಿದ್ರ ಇಷ್ಟ್ ಪೆಟ್ಟಾಗತೈತೇನ?" ಎನ್ನುತ್ತಾರೆ. ಅದು ಹುಲ್ಲಲ್ಲ, ಪ್ಲಾಸ್ಟಿಕ್ಕು ಎಂದು ಹೇಳಿ ಹೇಳಿ ಬಾಯಿ ಸೋತಿದೆ.

ನಿನ್ನೆ, ನಮಗೆ ಹಾಕಿ ಸ್ಟಿಕ್ ಹಿಡಿಯಲು ಕಲಿಸಿದ ಅಕ್ಬರಸಾಬ ಉಸ್ತಾದರು ಬಂದಿದ್ದರು. ಬಾಗಿಲಲ್ಲೇ ಶುರು: "ಏನವಾ, ಅಲ್ಲೂ ಜಾರಾಕ ಹೋಗಿದ್ದೇನು?" ಹೂಂ ಎಂದೆ. ಓಡುತ್ತ ಬಂದು, ಪಾದ ಅಡ್ಡ ಕೊಟ್ಟು, ಸಣ್ಣ ಕಲ್ಲಿನ ಗರಸು ಮಣ್ಣಿನ ಮೇಲೆ ಮಾರುದ್ದ ಜಾರಿ ನಿಂತರೆ ಚೆಂಡು ನಮ್ಮದು. ನಮ್ಮ ಮೈದಾನದ ಹುಡುಗಿಯರ ಆಟವೇ ಅದು. ನಾನು ಬಿದ್ದ ದಿನ ಅಲ್ಲಿನ ಟರ್ಫು ನನ್ನ ಬೂಟನ್ನು ಬಿಡಲೇ ಇಲ್ಲ. ಪಾದ ಅಲ್ಲೇ ನಿಂತಿತು, ಮೈ ತಿರುಗಿತು. ಲಟಕ್ ಎಂದದ್ದು ನಿನಗೂ ಕೇಳಿಸಿತಂತೆ. ಉಸ್ತಾದರು, "ಮಣ್ಣು ಜಾರಿಸಿ ಬಿಡತಿತ್ತು, ಕಾಲು ಉಳೀತಿತ್ತು," ಎಂದು ಕಣ್ಣೊರೆಸಿಕೊಂಡರು. ಚಹಾ ಕೂಡ ಕುಡಿಯಲಿಲ್ಲ.

ಈಗ ನಿನ್ನ ವಿಷಯ. ಕಾಲಿನ ಹೆದರಿಕೆ, ಫೈನಲ್ ಬಿಟ್ಟು ಊರಿಗೆ ಬರುತ್ತೇನೆ ಎಂದು ಬರೆದಿದ್ದೀ. ಬಂದೀಯೇ, ಜೋಕೆ! ಜಾರುವುದನ್ನು ಮರೆ. ಸಣ್ಣ ಸಣ್ಣ ಹೆಜ್ಜೆ ಇಟ್ಟು ನಿಲ್ಲುವುದನ್ನು ಕಲಿ, ಅಲ್ಲಿನ ಹುಡುಗಿಯರು ಹಾಗೇ ನಿಲ್ಲುತ್ತಾರೆ. ಮುಂದಿನ ವರ್ಷ ನಾನೂ ಬಂದು ನಿನ್ನ ಎಡಗಡೆ ಆಡುತ್ತೇನೆ. ಆ ಜಾಗ ಕಾಯ್ದಿಡು.

ಸಂಜೆ ಮೈದಾನದ ಕಟ್ಟೆಯ ಮೇಲೆ ಕೂರುತ್ತೇನೆ. ಧೂಳೆದ್ದಾಗಲೆಲ್ಲ, "ಲೇ ಸಬ್ಬೂ, ಇತ್ಲಾಗ ಕೊಡ!" ಎಂದು ನೀನು ಕೂಗಿದಂತಾಗುತ್ತದೆ. ಬಹಳ ನೆನಪಾಗುತ್ತೀಯೇ. ಊಟವೂ ಸೇರುವುದಿಲ್ಲ.

ಅಮ್ಮಿಯ ದುವಾ ನಿನ್ನ ಬೆನ್ನಿಗಿದೆ. ನನ್ನ ಅಲ್ಲಾಹನೂ ನಿಮ್ಮ ಮನೆದೇವರು ವೀರಭದ್ರನೂ ಕೂಡಿ ನಿನ್ನ ಕಾಲುಗಳನ್ನು ಕಾಯಲಿ.

ನಿನ್ನ
ಸಬ್ಬೂ

ತಾ.ಕ.: ಮೇಲಿನದನ್ನೆಲ್ಲ ಅಮ್ಮಿಗೆ ಓದಿ ಹೇಳಿಯೇ ಹೊರಟೆ. ಇದನ್ನು ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮುಂದಿನ ವರ್ಷ ಎಂದದ್ದು ಸುಳ್ಳು. ಅಬ್ಬಾ ಔಷಧಿ ತರಲು ಹೋಗಿದ್ದಾಗ ಡಾಕ್ಟರು ನನಗೊಬ್ಬಳಿಗೇ ಹೇಳಿದರು, ಮೊಣಕಾಲ ಕೀಲಿನೊಳಗಿನ ಮೆತ್ತನೆಯ ಗಾದಿಯೂ ಹರಿದಿದೆ, ನಡೆಯಬಹುದು, ಆಟ ಮುಗಿಯಿತು ಎಂದು. ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಎಡಗಡೆಯ ಜಾಗ ಬೇರೆಯವಳಿಗೆ ಕೊಡು. ಫೈನಲ್ ಆಡಿ, ಆಮೇಲೆ ಬಾ. ನಮ್ಮ ಗರಸಿನ ಮೇಲೆ ನನ್ನ ಕಣ್ಣೆದುರು ಒಮ್ಮೆ ಜಾರಿ ನಿಲ್ಲು. ಅಷ್ಟು ನೋಡಿದ ಮೇಲೆ ಅಮ್ಮಿಗೆ ಹೇಳುತ್ತೇನೆ.