ಅಪ್ಪನಿಗೊಂದು ಗ್ರಾಫಿಕ್ಸ್ ಕಾರ್ಡು

ಹಾನಗಲ್ಲ
೧೫ ನವೆಂಬರ್ ೨೦೨೫, ಶನಿವಾರ

ಪ್ರೀತಿಯ ಅವ್ವನಿಗೆ ನೀಲಾಳ ನಮಸ್ಕಾರಗಳು.

ದಿನಾ ಫೋನಿನಲ್ಲಿ ಮಾತಾಡುವ ಮಗಳು ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡ. ಅಪ್ಪ ಈಗ ಇಡೀ ದಿನ ಮನೆಯಲ್ಲೇ ಇರುತ್ತಾನೆ. ನಮ್ಮ ಎರಡು ಕೋಣೆಯ ಮನೆಯಲ್ಲಿ ಏನು ಹೇಳಿದರೂ ಅವನ ಕಿವಿಗೆ ಬೀಳುತ್ತದೆ. ಸರೋಜವ್ವ ಚಿಕ್ಕವ್ವ ನಾಳೆ ಹತ್ತಿಮತ್ತೂರಿಗೆ ನಿನ್ನಲ್ಲಿಗೆ ಬರುತ್ತಾಳೆ, ಅವಳ ಕೈಯಲ್ಲಿ ಕೊಡುತ್ತೇನೆ. ಆಯಿಯ ಮುರಿದ ಸೊಂಟ ಕೂಡುವವರೆಗೆ ನೀನು ತವರು ಬಿಟ್ಟು ಏಳುವ ಹಾಗಿಲ್ಲ, ಗೊತ್ತು. ಆದರೆ ಇದನ್ನು ಒಬ್ಬಳೇ ಹೊತ್ತುಕೊಂಡಿರಲು ನನಗೆ ಆಗುತ್ತಿಲ್ಲ.

ಬರುವ ಗುರುವಾರ ಅಪ್ಪನನ್ನು ಡಿಪೋಗೆ ಕರೆದಿದ್ದಾರೆ. ಸಾಹೇಬರ ಎದುರು ಬಸ್ ಓಡಿಸಿ ತೋರಿಸಬೇಕು. ಆಗದಿದ್ದರೆ ಇನ್ನು ಸ್ಟೇರಿಂಗ್ ಕೊಡುವುದಿಲ್ಲ. ಹಾಜರಾಬಿಗೆ ಅಪ್ಪನ ಬಸ್ಸು ತಾಗಿ ಐದು ತಿಂಗಳಾಯಿತು. ಆಕೆ ಹುಲ್ಲಿನ ಹೊರೆ ಹೊತ್ತು ಹಿರೇಕೆರೂರು ರಸ್ತೆಗೆ ಒಮ್ಮೆಲೇ ಅಡ್ಡ ಬಂದಳು, ಚಾಲಕನ ತಪ್ಪಿಲ್ಲ ಎಂದು ವಿಚಾರಣೆಯಲ್ಲಿ ಬರೆದರು. ಆಕೆಯೂ ಈಗ ಕೋಲು ಹಿಡಿದು ನಡೆಯುತ್ತಾಳೆ. ಅಪ್ಪ ಮಾತ್ರ ಅಂದಿನಿಂದ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂಡ ಕೂತಿಲ್ಲ. ನೀನು ಹೋದ ಮೇಲೆ ಇನ್ನೊಂದು ಶುರುವಾಗಿದೆ. ಕುರ್ಚಿಯಲ್ಲಿ ಕೂತು ಚಹಾ ಕುಡಿಯುವಾಗ ಅವನ ಬಲಗಾಲು ನೆಲವನ್ನು ಒತ್ತುತ್ತದೆ, ಬ್ರೇಕ್ ಹಾಕಿದ ಹಾಗೆ. ಅವನಿಗೆ ಅದು ಗೊತ್ತೇ ಆಗುವುದಿಲ್ಲ.

ಯಾರಿಗೂ ಪೆಟ್ಟಾಗದ ರಸ್ತೆಯಲ್ಲಿ ಮೊದಲು ಕೂರಿಸೋಣ ಎಂದುಕೊಂಡೆ. ಅರ್ಜಿ ತುಂಬಿಕೊಡುವ ನನ್ನ ಆನ್‌ಲೈನ್ ಅಂಗಡಿಯ ಹಳೆಯ ಕಂಪ್ಯೂಟರನ್ನು ಮನೆಗೆ ತಂದು ಬಸ್ ಓಡಿಸುವ ಆಟ ಹಾಕಿದೆ. ಶಿಗ್ಗಾಂವಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸುನೀಲ ತನ್ನ ಆಟದ ಸ್ಟೇರಿಂಗು, ಪೆಡಲು ಕೊಟ್ಟಿದ್ದ. ಎರಡು ದಿನ ಒಲ್ಲೆನೆಂದ ಅಪ್ಪ ಮೂರನೆಯ ದಿನ ತಾನೇ ಬಂದು ಕೂತ.

ನಾನು ಮಾಡಿದ ತಪ್ಪು ಆಗ ತಿಳಿಯಿತು. ಅರ್ಜಿ ತುಂಬುವ ಕಂಪ್ಯೂಟರಿಗೆ ಆಟದ ಚಿತ್ರ ಎಳೆಯುವ ಶಕ್ತಿಯಿಲ್ಲ. ಬಸ್ಸು ಊರೊಳಗೆ ಬರುತ್ತಿದ್ದಂತೆ ಚಿತ್ರ ಗಕ್ಕನೆ ನಿಂತಿತು. ಎರಡು ಸೆಕೆಂಡು ಅಷ್ಟೇ. ಮತ್ತೆ ಚಲಿಸಿದಾಗ ಬಸ್ಸಿನ ಮುಂದೆಯೇ ಒಬ್ಬ ಮನುಷ್ಯ ನಿಂತಿದ್ದ. ಅಪ್ಪ ಎರಡೂ ಕಾಲಿನಿಂದ ಬ್ರೇಕ್ ಒತ್ತಿ ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ. ಎಬ್ಬಿಸಲು ಹೋದರೆ ಮೈಯೆಲ್ಲ ತಣ್ಣಗೆ ಕೊರೆಯುತ್ತಿತ್ತು. "ಅವತ್ತೂ ಹಿಂಗ ಆತವಾ. ಮುಂದ ಯಾರೂ ಇರಲಿಲ್ಲ, ನೋಡೂದ್ರಾಗ ಆಕಿ ಇದ್ಲು" ಅಂದ.

ಮರುದಿನ ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿಗ್ಗಾಂವಿಗೆ ಹೋದೆ. ಸುನೀಲ ಚಿತ್ರ ಎಳೆಯುವ ಮೂರು ಗ್ರಾಫಿಕ್ಸ್ ಕಾರ್ಡು ಮೇಜಿನ ಮೇಲಿಟ್ಟ. ಹೊಸದು ನನ್ನ ಕೈಗೆಟುಕುವಂತಿರಲಿಲ್ಲ. ಎರಡು ಫ್ಯಾನಿನ, ಎಂಟು ಜಿಬಿಯ ಹಳೆಯದೊಂದು ಅಗ್ಗವಾಗಿತ್ತು. ನಾನು ಅದನ್ನು ಎತ್ತಿಕೊಂಡರೆ ಅವನು ಕೈಯಿಂದ ತೆಗೆದುಕೊಂಡ. "ಅದು ಬ್ಯಾಡ್ರಿ ಅಕ್ಕಾರ. ಬಿಟ್‌ಕಾಯಿನ್‌ನಂಥಾ ಆನ್‌ಲೈನ್ ರೊಕ್ಕ ತೆಗಿಯಾಕ ಎರಡು ವರ್ಷ ಬಿಡುವಿಲ್ದಂಗ ದುಡಿಸ್ಯಾರ. ಮ್ಯಾಲ ನಿಮ್ಮ ಡಬ್ಬಿ ಇದಕ್ಕ ಬೇಕಾದಷ್ಟು ಕರೆಂಟ್ ಕೊಡಂಗಿಲ್ಲ. ಆಟ ಜೋರಾದಾಗ ಒಮ್ಮಿಗೇ ಬಂದ್ ಬೀಳತೈತಿ."

ಬಂದ್ ಎಂದರೆ ಮತ್ತೆ ಅದೇ ಗಕ್ಕನೆ ನಿಲ್ಲುವುದು. ಅಪ್ಪನ ವಿಷಯ ಅವನಿಗೆ ಹೇಳಿಬಿಟ್ಟೆ. ಅವನು ಮೂರನೆಯದನ್ನು ಎತ್ತಿದ. ಅಂಗೈ ಅಗಲದ್ದು, ಯಾರೋ ಬಳಸಿ ಮಾರಿದ್ದು, ನಾಲ್ಕು ಜಿಬಿ. ಬೇರೆ ವೈರು ಬೇಡ, ಕಂಪ್ಯೂಟರಿನೊಳಗಿನ ಬೋರ್ಡಿನಿಂದ ಸಿಗುವ ಕರೆಂಟೇ ಸಾಕು. "ಚಿತ್ರ ಭಾಳ ಚಂದ ಕಾಣಂಗಿಲ್ರಿ. ಗಿಡದ ಎಲಿ, ನೆರಳು ಎಲ್ಲಾ ಕಡಿಮಿ ಇಟ್ಟು ಕೊಡ್ತೇನಿ. ಆದ್ರ ನಡುವ ನಿಂದ್ರಂಗಿಲ್ಲ" ಅಂದ. ನನಗೆ ನಂಬಿಕೆ ಬರಲಿಲ್ಲ. ಒಂದು ತಾಸು ಅಲ್ಲೇ ಕೂತು ಅದೇ ಆಟದಲ್ಲಿ, ಅದೇ ಊರೊಳಗೆ ಮತ್ತೆ ಮತ್ತೆ ಬಸ್ ಓಡಿಸಿದೆ. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ.

ನಿನ್ನೆ ಮಧ್ಯಾಹ್ನ ಅಪ್ಪ ಮತ್ತೆ ಕೂತ. ಅರ್ಧ ತಾಸು ಓಡಿಸಿದ. ನಿಲ್ದಾಣ ಬಂದಾಗ ರೂಢಿಯಂತೆ ಹಿಂದೆ ತಿರುಗಿ "ಇಳೀರಿ, ಲಗೂನ ಇಳೀರಿ" ಅಂದ. ತಾನೇ ನಕ್ಕ. ಆಮೇಲೆ ಮನೆಯಲ್ಲಿ ಏನೋ ಸದ್ದಾಯಿತು. ಅಪ್ಪನ ಕೈ ಸ್ಟೇರಿಂಗ್ ಬಿಟ್ಟಿತು, ಬಸ್ಸು ಕಂಬಕ್ಕೆ ಹೊಡೆಯಿತು. ಅವನು ಎದ್ದು ಹಿತ್ತಲಿಗೆ ಹೋದವನು ಸಂಜೆಯವರೆಗೆ ಒಳಗೆ ಬರಲಿಲ್ಲ.

ಗುರುವಾರದ್ದು ನಿಜವಾದ ರಸ್ತೆ, ಅವ್ವ. ಅಲ್ಲಿ ನಿಜವಾದ ಮಂದಿ ದಾಟುತ್ತಾರೆ. ಅಪ್ಪನನ್ನು ಕಳಿಸಲೋ, ಕಾಲು ಹಿಡಿದು ನಿಲ್ಲಿಸಲೋ ತಿಳಿಯುತ್ತಿಲ್ಲ. ಚಿಕ್ಕವ್ವನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸು. ಆಯಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಗಳು,
ನೀಲಾ

ತಾ.ಕ.: ರವಿವಾರ ಬೆಳಿಗ್ಗೆ. ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಏನೋ ಸದ್ದಾಯಿತು ಎಂದು ಬರೆದೆನಲ್ಲ, ಅದು ಅಪ್ಪನ ಫೋನು. ಹಾಜರಾಬಿ ರಸ್ತೆಗೆ ಬಂದ ಹೊತ್ತಿನಲ್ಲೂ ಅದೇ ಫೋನು ಅವನ ಜೇಬಿನಲ್ಲಿ ರಿಂಗಾಗಿತ್ತು. ಅವನು ಒಂದು ಕ್ಷಣ ಕೆಳಗೆ ನೋಡಿದ. ಅವತ್ತು ಫೋನ್ ಮಾಡಿದವಳು ನಾನು, ಬರುವಾಗ ಬಾಳೆಹಣ್ಣು ತಾ ಅನ್ನಲಿಕ್ಕೆ. ಅಪ್ಪ ವಿಚಾರಣೆಯಲ್ಲಿ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಇವತ್ತು ಎದ್ದವನೇ ಸ್ಟೇರಿಂಗ್ ಮುಂದೆ ಕೂತು, "ಆ ಖೋಲ್ಯಾಗ ಹೋಗಿ ನನಗ ಫೋನ್ ಹಚ್ಚು. ಸಾಕಂದ್ರೂ ಬಿಡಬ್ಯಾಡ" ಅಂದ. ಮತ್ತೆ ಮತ್ತೆ ಹಚ್ಚಿದೆ. ಎರಡು ಸಲ ಬಸ್ಸು ರಸ್ತೆ ಬಿಟ್ಟಿತು. ಏಳನೆಯ ಸಲ ಫೋನು ಕೂಗಿ ಕೂಗಿ ತಾನೇ ಸುಮ್ಮನಾಯಿತು. ಬಾಗಿಲ ಸಂದಿಯಿಂದ ನೋಡಿದರೆ ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಕಣ್ಣು ಮುಂದೆಯೇ ಇತ್ತು. "ಗುರುವಾರ ಸಾಹೇಬ್ರಿಗೆ ಮೊದ್ಲು ಇದನ್ನ ಹೇಳ್ತೇನಿ. ಆಮ್ಯಾಗೂ ಗಾಡಿ ಕೊಟ್ರ ಹೊಡೀತೇನಿ. ಯಾರ ಫೋನಂತ ಮಾತ್ರ ಹೇಳಂಗಿಲ್ಲ" ಅಂದ.

ಅದನ್ನು ಹೇಳಲು ನಾನೂ ಅವನ ಜೊತೆ ಹೋಗುತ್ತೇನೆ.